ಪಿಯಾನೊ ನುಡಿಸಿದವರ ಹೆಸರನ್ನೂ ಬರೆದಿಡಿ: ಗಾಸ್ಪೆಲ್ ಕ್ವಾರ್ಟೆಟ್‌ಗಳ ನೆನಪು ಕಾಯುವವರಿಗೊಂದು ಬಹಿರಂಗ ಪತ್ರ

ಅಮೆರಿಕದ ಟೆನೆಸಿ ರಾಜ್ಯದ ಸದರ್ನ್ ಗಾಸ್ಪೆಲ್ ಸಂಗ್ರಹಾಲಯ ಮತ್ತು ಹಾಲ್ ಆಫ್ ಫೇಮ್‌ನ ಆಡಳಿತ ಮಂಡಳಿಗೆ, ಮಿಡ್ಲ್ ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯದ ಜನಪ್ರಿಯ ಸಂಗೀತ ಕೇಂದ್ರಕ್ಕೆ, ಹಳೆಯ ಕ್ವಾರ್ಟೆಟ್‌ಗಳ ಕುಟುಂಬದವರಿಗೆ, ಮತ್ತು ಈ ಸಂಗೀತವನ್ನು ಒಮ್ಮೆಯಾದರೂ ಮನಸ್ಸಿಟ್ಟು ಕೇಳಿದ ಎಲ್ಲರಿಗೆ

ಮಾನ್ಯರೇ,

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಕ್ರೈಸ್ತ ಭಕ್ತಿಗೀತೆಗಳನ್ನು ಹಾಡುವ ನಾಲ್ವರ ತಂಡಗಳಾದ ಗಾಸ್ಪೆಲ್ ಕ್ವಾರ್ಟೆಟ್‌ಗಳ ಉಚ್ಛ್ರಾಯದ ಕಾಲವನ್ನು ಕಣ್ಣಾರೆ ಕಂಡ ಅಭಿಮಾನಿಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪುಗಳನ್ನು ಈಗಲೇ ಧ್ವನಿಮುದ್ರಿಸಿ ಇಡಿ. ನಾಲ್ವರು ಗಾಯಕರ ವಿಷಯ ಕೇಳಿ ಅಷ್ಟಕ್ಕೇ ನಿಲ್ಲಿಸಬೇಡಿ. ಆ ರಾತ್ರಿ ಪಿಯಾನೊ ನುಡಿಸಿದವರು ಯಾರು, ಬಾಸ್ ಗಿಟಾರ್ ಹಿಡಿದಿದ್ದವರು ಯಾರು, ಡ್ರಮ್‌ಗಳ ಹಿಂದೆ ಕುಳಿತಿದ್ದ ಹುಡುಗ ಯಾವ ಊರಿನವನು ಎಂದೂ ಕೇಳಿ. 1950ರ ದಶಕದಲ್ಲಿ ಹದಿಹರೆಯದಲ್ಲಿದ್ದವರು ಈಗ ಎಂಬತ್ತು ದಾಟಿದ್ದಾರೆ. ಇನ್ನು ಹತ್ತು ವರ್ಷ ಬಿಟ್ಟು ಈ ಕೆಲಸ ಕೈಗೆತ್ತಿಕೊಂಡರೆ ಕೇಳಲು ಯಾರೂ ಉಳಿದಿರುವುದಿಲ್ಲ.

ನಾನು ದಕ್ಷಿಣ ಕನ್ನಡದವನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಗೆ ಸೇರಿದ ಚರ್ಚೊಂದರ ಗಾಯಕವೃಂದದಲ್ಲಿ ಬಾಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಧ್ವನಿ, ಹಾಡುತ್ತಾ ಬೆಳೆದವನು. ನಾಲ್ಕು ಧ್ವನಿಗಳು ಬೇರೆ ಬೇರೆ ದಾರಿ ಹಿಡಿದು ಒಂದೇ ಹಾಡಾಗುವ ಸುಖ ನನಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಉದ್ಯೋಗಕ್ಕೆಂದು ಟೆನೆಸಿಗೆ ಬಂದು ನೆಲೆಸಿದ ಮೇಲೆ, ಅದೇ ನಾಲ್ಕು ಧ್ವನಿಗಳ ಕೆಳಗೆ ಕುದುರೆಯಂತೆ ಓಡುವ ಪಿಯಾನೊ ಕೇಳಿಸಿತು. ಅಂದಿನಿಂದ ನಾನು ಈ ಸಂಗೀತದ ಅಭಿಮಾನಿ. ಪತ್ರದ ಇಂಗ್ಲಿಷ್ ಪ್ರತಿಯನ್ನು ಸಂಬಂಧಪಟ್ಟವರಿಗೆ ಬೇರೆಯಾಗಿ ಕಳುಹಿಸಿದ್ದೇನೆ. ಕನ್ನಡದಲ್ಲಿಯೂ ಬರೆಯಲು ಕಾರಣವಿದೆ. ಅಟ್ಲಾಂಟಾ, ನ್ಯಾಶ್‌ವಿಲ್, ಷಾರ್ಲೆಟ್ ನಗರಗಳ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡಿಗರಿಂದ ಈ ಕೆಲಸದಲ್ಲಿ ಆಗಬೇಕಾದದ್ದೂ ಒಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಈ ಸಂಗೀತದ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಬರುತ್ತೇನೆ. ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಳಲ್ಲಿ ಜನ ಹಾಡು ಕಲಿತದ್ದು ಆಕಾರಗಳ ಮೂಲಕ. ಏಳು ಸ್ವರಗಳಿಗೆ ಏಳು ಆಕಾರ: ಡೋ ತ್ರಿಕೋನ, ಮಿ ವಜ್ರ, ಸೋಲ್ ದುಂಡಗೆ, ಲಾ ಚೌಕ. ಜೆಸ್ಸಿ ಐಕಿನ್ 1846ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಸರಿಗಮ ಹೇಳಿಕೊಂಡು ಕೃತಿ ಕಲಿತವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಟೆನೆಸಿಯ ಲಾರೆನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಜೇಮ್ಸ್ ಡಿ. ವಾನ್ ಎಂಬ ಪ್ರಕಾಶಕರು ಇಂಥ ಹಾಡಿನ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದರು. ಪುಸ್ತಕ ಮಾರಾಟವಾಗಲೆಂದು 1910ರಲ್ಲಿ ಅವರು ನಾಲ್ವರು ಗಾಯಕರಿಗೆ ಸಂಬಳ ಕೊಟ್ಟು ಊರೂರಿಗೆ ಕಳುಹಿಸಿದರು. ವೃತ್ತಿಪರ ಕ್ವಾರ್ಟೆಟ್ ಪರಂಪರೆ ಹುಟ್ಟಿದ್ದು ಹಾಗೆ. ಜನರಿಗೆ ಪುಸ್ತಕಕ್ಕಿಂತ ಹಾಡುಗಾರರೇ ಹೆಚ್ಚು ಹಿಡಿಸಿದರು. ವಾನ್ ಅವರ ಗರಡಿಯಲ್ಲಿ ಪಳಗಿದ ವರ್ಜಿಲ್ ಸ್ಟ್ಯಾಂಪ್ಸ್ 1924ರಲ್ಲಿ ಟೆಕ್ಸಸ್‌ನಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ಅವರ ಸ್ಟ್ಯಾಂಪ್ಸ್ ಕ್ವಾರ್ಟೆಟ್ 1927ರಲ್ಲಿ ವಿಕ್ಟರ್ ಎಂಬ ಧ್ವನಿಮುದ್ರಣ ಕಂಪನಿಗೆ ಹಾಡಿತು. ಆ ಗ್ರಾಮಫೋನ್ ತಟ್ಟೆಯಲ್ಲಿ ಪಿಯಾನೊ ನುಡಿಸಿದವರು ಡ್ವೈಟ್ ಬ್ರಾಕ್. ಹಾಡಿನ ಸಾಲು ಮುಗಿದು ಮುಂದಿನದು ಶುರುವಾಗುವ ನಡುವಿನ ಖಾಲಿ ಜಾಗವನ್ನು ಲಯದಿಂದ ತುಂಬಿಸಬಹುದೆಂದು ಆ ತಲೆಮಾರಿಗೆ ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು. ಕ್ವಾರ್ಟೆಟ್ ಎಂದರೆ ನಾಲ್ವರು ಎಂದು ಲೆಕ್ಕ ಹೇಳಿದರೂ, ಐದನೆಯವರಿಲ್ಲದೆ ಅದು ನಿಲ್ಲುತ್ತಿರಲಿಲ್ಲ.

ಅದಕ್ಕೆ ಸಾಕ್ಷಿ ಬೇಕಾದವರು ಸ್ಟೇಟ್ಸ್‌ಮೆನ್ ಕ್ವಾರ್ಟೆಟ್ ನೋಡಿದವರನ್ನು ಕೇಳಬೇಕು. 1948ರಲ್ಲಿ ಅಟ್ಲಾಂಟಾದಲ್ಲಿ ಈ ತಂಡವನ್ನು ಕಟ್ಟಿದವರು ಗಾಯಕರಲ್ಲ, ಪಿಯಾನೊ ವಾದಕ ಹೋವಿ ಲಿಸ್ಟರ್. ಅವರು ಬ್ಯಾಪ್ಟಿಸ್ಟ್ ಬೋಧಕರೂ ಹೌದು. ಆದರೆ ಪಿಯಾನೊ ಮುಂದೆ ಕುಳಿತರೆ ಅವರನ್ನು ಹಿಡಿದು ನಿಲ್ಲಿಸುವವರಿರಲಿಲ್ಲ. ಕೂದಲು ಹಣೆಯ ಮೇಲೆ ಬೀಳುತ್ತಿತ್ತು, ಎದ್ದು ನಿಂತು ನುಡಿಸುತ್ತಿದ್ದರು, ಕೆಲವೊಮ್ಮೆ ಪಿಯಾನೊ ಮೇಲೆಯೇ ಹತ್ತುತ್ತಿದ್ದರು. ಜೇಕ್ ಹೆಸ್ ಅವರ ಲೀಡ್ (ಮುಖ್ಯ ಧ್ವನಿ) ಗಾಯನ, ಡೆನ್ವರ್ ಕ್ರಂಪ್ಲರ್ ಅವರ ಹಾಲಿನಂಥ ಟೆನರ್ (ಮೇಲಿನ ಧ್ವನಿ), ಡಾಯ್ ಆಟ್ ಅವರ ಬ್ಯಾರಿಟೋನ್ (ನಡುವಿನ ಧ್ವನಿ), ‘ಬಿಗ್ ಚೀಫ್’ ಎಂದೇ ಹೆಸರಾದ ಜಿಮ್ ವೆದರಿಂಗ್ಟನ್ ಅವರ ಬಾಸ್ – ಇವೆಲ್ಲ ಎಷ್ಟೇ ದೊಡ್ಡವಾಗಿದ್ದರೂ, ಹಾಡು ಮುಗಿದು ಚಪ್ಪಾಳೆ ಬೀಳುವ ಹೊತ್ತಿಗೆ ಪಲ್ಲವಿಯನ್ನು ಮತ್ತೊಮ್ಮೆ ಎತ್ತಿಕೊಡುತ್ತಿದ್ದುದು ಲಿಸ್ಟರ್ ಅವರ ಬೆರಳುಗಳು. ಸಭೆಯ ಬಿಸಿ ಎಷ್ಟಿದೆ, ಇನ್ನೊಂದು ಸುತ್ತು ಹಾಡಿದರೆ ಏರುತ್ತದೆಯೋ ಇಳಿಯುತ್ತದೆಯೋ ಎಂಬ ತೀರ್ಮಾನ ಅವರದು. ಇದು ಯಾವ ಸ್ಟುಡಿಯೊ ತಟ್ಟೆಯಲ್ಲಿಯೂ ಇಲ್ಲ. ಸ್ಟುಡಿಯೊದಲ್ಲಿ ಹಾಡು ಎರಡೂವರೆ ನಿಮಿಷಕ್ಕೆ ಮುಗಿಯುತ್ತಿತ್ತು. ವೇದಿಕೆಯಲ್ಲಿ ಅದೇ ಹಾಡು ಎಷ್ಟು ಹೊತ್ತು ನಡೆಯಿತು, ಎಷ್ಟು ಸಲ ಮರಳಿ ಬಂತು ಎಂಬುದು ನೋಡಿದವರಿಗಷ್ಟೇ ಗೊತ್ತು.

ಬ್ಲ್ಯಾಕ್‌ವುಡ್ ಬ್ರದರ್ಸ್ ಅವರ ಕಥೆಯನ್ನು ಹಳೆಯ ಅಭಿಮಾನಿಗಳು ಇಂದಿಗೂ ಸಲೀಸಾಗಿ ಹೇಳಲಾರರು. 1934ರಲ್ಲಿ ಮಿಸಿಸಿಪಿಯ ಬಡ ಕುಟುಂಬವೊಂದು ಶುರುಮಾಡಿದ ತಂಡ ಅದು. ಅಣ್ಣತಮ್ಮಂದಿರಾದ ರಾಯ್, ಡಾಯ್ಲ್, ಜೇಮ್ಸ್, ಜೊತೆಗೆ ರಾಯ್ ಅವರ ಮಗ ಆರ್. ಡಬ್ಲ್ಯು. ಇಪ್ಪತ್ತು ವರ್ಷ ದುಡಿದ ಮೇಲೆ, 1954ರ ಜೂನ್‌ನಲ್ಲಿ, ಆರ್ಥರ್ ಗಾಡ್‌ಫ್ರೆ ಅವರ ಪ್ರತಿಭಾನ್ವೇಷಣೆ ಕಾರ್ಯಕ್ರಮದಲ್ಲಿ ಗೆದ್ದು ಇಡೀ ದೇಶಕ್ಕೆ ಪರಿಚಿತರಾದರು. ಅದೇ ತಿಂಗಳ 30ರಂದು ಅಲಬಾಮಾದ ಕ್ಲ್ಯಾಂಟನ್‌ನಲ್ಲಿ ಅವರ ವಿಮಾನ ಬಿದ್ದು ಆರ್. ಡಬ್ಲ್ಯು. ಮತ್ತು ಬಾಸ್ ಗಾಯಕ ಬಿಲ್ ಲೈಲ್ಸ್ ತೀರಿಕೊಂಡರು. ಅವರೊಂದಿಗಿದ್ದ ಸ್ಥಳೀಯ ಯುವಕನೂ ಉಳಿಯಲಿಲ್ಲ. ಜೇಮ್ಸ್ ನೆಲದ ಮೇಲೆ ನಿಂತು ಅದನ್ನು ನೋಡಿದರು. ಮೆಂಫಿಸ್‌ನ ಎಲಿಸ್ ಆಡಿಟೋರಿಯಂನಲ್ಲಿ ನಡೆದ ಅಂತ್ಯಸಂಸ್ಕಾರದ ಪ್ರಾರ್ಥನೆಗೆ ಬಂದ ಸಾವಿರಾರು ಜನರಲ್ಲಿ ಹತ್ತೊಂಬತ್ತು ವರ್ಷದ ಎಲ್ವಿಸ್ ಪ್ರೆಸ್ಲಿಯೂ ಇದ್ದರು. ಕೆಲವೇ ದಿನಗಳ ನಂತರ, ಜುಲೈ 5ರಂದು, ಅದೇ ಊರಿನ ಸಣ್ಣ ಸ್ಟುಡಿಯೊದಲ್ಲಿ ಆ ಹುಡುಗ ತನ್ನ ಮೊದಲ ವಾಣಿಜ್ಯ ತಟ್ಟೆಯ ಹಾಡನ್ನು ಮುದ್ರಿಸಿದರು. ಕ್ವಾರ್ಟೆಟ್‌ಗಳ ಮೇಲಿನ ಅವರ ಪ್ರೀತಿ ಕೊನೆಯವರೆಗೂ ಆರಲಿಲ್ಲ. ಅವರಿಗೆ ಬಂದ ಮೂರು ಗ್ರ್ಯಾಮಿ ಸ್ಪರ್ಧಾತ್ಮಕ ಪ್ರಶಸ್ತಿಗಳೂ ಗಾಸ್ಪೆಲ್ ಗಾಯನಕ್ಕೇ ಬಂದವು.

ಬಿಲ್ ಲೈಲ್ಸ್ ಅವರ ಜಾಗಕ್ಕೆ ಬಂದವರು ಜೆ. ಡಿ. ಸಮ್ನರ್. ಅತ್ಯಂತ ಕೆಳಗಿನ ಸ್ವರ ಹಾಡಿದ ಮನುಷ್ಯ ಎಂದು ಗಿನ್ನೆಸ್ ಪುಸ್ತಕದಲ್ಲಿ ವರ್ಷಗಟ್ಟಲೆ ಹೆಸರಿದ್ದವರು. ವಿಮಾನ ಬೇಡವೆಂದ ಮೇಲೆ ಬಸ್ಸಿನೊಳಗೆ ಮಂಚಗಳನ್ನು ಹಾಕಿಸಿ ಊರೂರು ತಿರುಗುವ ಪದ್ಧತಿಗೂ ಅವರ ಹೆಸರೇ ಅಂಟಿಕೊಂಡಿದೆ. 1957ರಲ್ಲಿ ಮೆಂಫಿಸ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕ್ವಾರ್ಟೆಟ್ ಸಮ್ಮೇಳನದ ಹಿಂದೆಯೂ ಅವರು, ಜೇಮ್ಸ್ ಬ್ಲ್ಯಾಕ್‌ವುಡ್ ಇದ್ದರು. ಆ ಎಲಿಸ್ ಆಡಿಟೋರಿಯಂ ಈಗ ಇಲ್ಲ, 1999ರಲ್ಲಿ ಕೆಡವಿದರು. ಅಲ್ಲಿ ಬಾಲ್ಕನಿಯ ಯಾವ ಸಾಲಿನಲ್ಲಿ ಕುಳಿತರೆ ಸಮ್ನರ್ ಅವರ ಕೆಳಸ್ವರ ಎದೆಗೆ ತಾಗುತ್ತಿತ್ತು ಎಂದು ಹೇಳಬಲ್ಲವರು ಇದ್ದಾರೆ. ಅವರನ್ನು ಹುಡುಕಿ.

ವಾದಕರ ವಿಷಯದಲ್ಲಿ ಅಭಿಮಾನಿಗಳ ನೆನಪು ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಫ್ಲೋರಿಡಾ ಬಾಯ್ಸ್ ತಂಡದ ಡೆರೆಲ್ ಸ್ಟುವರ್ಟ್ ಅವರ ಕೆಂಪು ಕಾಲುಚೀಲವೇ ಸಾಕು. ಪೆನ್ಸಕೋಲಾದ ಈ ತಂಡ 1964ರಲ್ಲಿ ಶುರುವಾದ ‘ಗಾಸ್ಪೆಲ್ ಸಿಂಗಿಂಗ್ ಜುಬಿಲಿ’ ಎಂಬ ದೂರದರ್ಶನ ಕಾರ್ಯಕ್ರಮವನ್ನು ನಡೆಸಿಕೊಡುತ್ತಿತ್ತು. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡುವ ಮೊದಲು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಟಿವಿ ಮುಂದೆ ನಿಂತು ನೋಡಿದವರು ಆ ರಾಜ್ಯಗಳಲ್ಲಿ ಮನೆಗೊಬ್ಬರು ಸಿಗುತ್ತಾರೆ. ಲೆಸ್ ಬೀಸ್ಲಿ ಅವರ ಮಾತು, ಗ್ಲೆನ್ ಆಲ್ರೆಡ್ ಅವರ ಗಿಟಾರ್, ಸ್ಟುವರ್ಟ್ ಅವರ ಪಿಯಾನೊ – ಈ ಮೂವರೂ ದಶಕಗಳ ಕಾಲ ಒಂದೇ ತಂಡದಲ್ಲಿ ಉಳಿದರು. ಪಿಯಾನೊ ಪೆಡಲಿನ ಮೇಲೆ ಕುಣಿಯುತ್ತಿದ್ದ ಕೆಂಪು ಕಾಲುಚೀಲ ಸ್ಟುವರ್ಟ್ ಅವರ ಗುರುತಾಗಿತ್ತು. ಮಕ್ಕಳು ಮೊದಲು ನೋಡುತ್ತಿದ್ದುದು ಅದನ್ನೇ. ಹಾಗೆ ನೋಡಿದ ಮಕ್ಕಳಲ್ಲಿ ಎಷ್ಟು ಜನ ಆಮೇಲೆ ತಮ್ಮ ಊರಿನ ಚರ್ಚಿನಲ್ಲಿ ಪಿಯಾನೊ ಮುಂದೆ ಕುಳಿತರು ಎಂಬುದನ್ನು ಯಾರಾದರೂ ಕೇಳಿ ಬರೆದಿಡಬೇಡವೇ?

ಇನ್ನು ಆಂಟನಿ ಬರ್ಗರ್. ಇವರ ಬಗ್ಗೆ ಬರೆಯುವಾಗ ನನಗೆ ಮಾತು ಸಾಲುವುದಿಲ್ಲ. ಟೆನೆಸಿಯ ಕ್ಲೀವ್‌ಲ್ಯಾಂಡ್‌ನಲ್ಲಿ 1961ರಲ್ಲಿ ಹುಟ್ಟಿದ ಮಗು, ವಾಕರ್‌ನಲ್ಲಿ ಓಡಾಡುವ ವಯಸ್ಸಿನಲ್ಲಿ ಮನೆಯ ನೆಲದಲ್ಲಿದ್ದ ಬಿಸಿಗಾಳಿಯ ಕುಲುಮೆಯ ಮೇಲೆ ಬಿದ್ದು ಎರಡೂ ಕೈ ಸುಟ್ಟುಕೊಂಡಿತು. ಆ ಕೈಗಳು ಇನ್ನು ಸರಿಯಾಗಿ ಆಡಲಾರವೆಂದು ವೈದ್ಯರು ಹೇಳಿದ್ದರು. ಅದೇ ಕೈಗಳು ಹದಿಹರೆಯದಲ್ಲಿ ನಾರ್ತ್ ಕೆರೊಲಿನಾದ ಆಶ್‌ವಿಲ್‌ನ ಕಿಂಗ್ಸ್‌ಮೆನ್ ಕ್ವಾರ್ಟೆಟ್‌ಗೆ ಪಿಯಾನೊ ನುಡಿಸಿದವು. ಕಿಂಗ್ಸ್‌ಮೆನ್ ಎಂದರೆ ಅಬ್ಬರದ ತಂಡ. ಜಿಮ್ ಹ್ಯಾಮಿಲ್ ಅವರ ಗಟ್ಟಿ ಲೀಡ್, ರೇ ಡೀನ್ ರೀಸ್ ಅವರ ಬಾಸ್, ಹಿಂದೆ ಪೂರ್ಣ ವಾದ್ಯವೃಂದ. ಹ್ಯಾಮಿಲ್ ಹಾಡನ್ನು ಮುಗಿಸಲು ಬಿಡುತ್ತಿರಲಿಲ್ಲ. ಅವರು ಕೈ ಎತ್ತಿದರೆ ವಾದಕರು ಮತ್ತೆ ಶುರುಮಾಡಬೇಕಿತ್ತು, ಅದೂ ಒಂದು ಸ್ವರ ಮೇಲಿನಿಂದ. ಅಂಥ ತಂಡದಲ್ಲಿ ನಿಂತು ಕಲಿತ ಬರ್ಗರ್, ‘ಸಿಂಗಿಂಗ್ ನ್ಯೂಸ್’ ಪತ್ರಿಕೆಯ ಓದುಗರು ಆರಿಸುವ ನೆಚ್ಚಿನ ವಾದಕರ ಪ್ರಶಸ್ತಿಯನ್ನು ವರ್ಷಾನುಗಟ್ಟಲೆ ಗೆದ್ದರು. ಮುಂದೆ ಆ ಪ್ರಶಸ್ತಿಗೇ ಅವರ ಹೆಸರಿಟ್ಟರು. 2006ರ ಫೆಬ್ರವರಿ 22ರಂದು, ಹಡಗಿನಲ್ಲಿ ನಡೆಯುತ್ತಿದ್ದ ಕಾರ್ಯಕ್ರಮದಲ್ಲಿ ಪಿಯಾನೊ ನುಡಿಸುತ್ತಿರುವಾಗಲೇ ಕುಸಿದು ತೀರಿಕೊಂಡರು. ಅವರಿಗೆ 44 ವರ್ಷ. ಅವರ ಮುದ್ರಿಕೆಗಳು ಸಿಗುತ್ತವೆ, ನಿಜ. ಆದರೆ ಕಾರ್ಯಕ್ರಮದ ವಿರಾಮದಲ್ಲಿ, ಕ್ಯಾಸೆಟ್ ಮಾರುವ ಮೇಜಿನ ಬಳಿ, ಸುಟ್ಟ ಗುರುತಿದ್ದ ಆ ಕೈಯನ್ನು ಕುಲುಕಿದವರ ಮಾತು ಯಾವ ಮುದ್ರಿಕೆಯಲ್ಲಿದೆ?

ಕೆಥೀಡ್ರಲ್ಸ್ ತಂಡದ ರಾಜರ್ ಬೆನೆಟ್ ಅವರದು ಬೇರೆಯೇ ಬಗೆ. ಗ್ಲೆನ್ ಪೇನ್ ಮತ್ತು ಜಾರ್ಜ್ ಯೂನ್ಸ್ ಎಂಬ ಇಬ್ಬರು ಹಿರಿಯರು ಓಹಿಯೊದ ಆಕ್ರನ್‌ನಲ್ಲಿ, 1960ರ ದಶಕದಲ್ಲಿ, ರೆಕ್ಸ್ ಹಂಬರ್ಡ್ ಅವರ ಚರ್ಚಿನಿಂದ ಹೊರಟು ಮೂರೂವರೆ ದಶಕ ಜೊತೆಯಲ್ಲಿ ಹಾಡಿದರು. ಅರ್ಕಾನ್ಸಾಸ್‌ನಿಂದ ಬಂದ ಹುಡುಗ ಬೆನೆಟ್ ಈ ಇಬ್ಬರ ತಂಡದ ಪಿಯಾನೊ ಮುಂದೆ ಕುಳಿತರು. ಯೂನ್ಸ್ ಅವರೊಂದಿಗೆ ಅವರು ನಡೆಸುತ್ತಿದ್ದ ತಮಾಷೆಯ ಸಂಭಾಷಣೆಯನ್ನು ಬಾಯಿಪಾಠ ಹೇಳುವ ಅಭಿಮಾನಿಗಳನ್ನು ನಾನು ಬಲ್ಲೆ. ಸುದ್ದಿ ಹೇಳಿದಷ್ಟೇ ನಿರಾಳವಾಗಿ ನಗಿಸುತ್ತಿದ್ದ ಆತ, 1995ರಿಂದ ರಕ್ತದ ಕ್ಯಾನ್ಸರ್ ಜೊತೆ ಹೋರಾಡುತ್ತಲೇ ನುಡಿಸಿದರು. 1999ರ ಸೆಪ್ಟೆಂಬರ್‌ನಲ್ಲಿ, ಲೂಯಿವಿಲ್‌ನಲ್ಲಿ ನಡೆದ ಕ್ವಾರ್ಟೆಟ್ ಸಮ್ಮೇಳನಕ್ಕೆ ಗ್ಲೆನ್ ಪೇನ್ ಬರಲಾಗಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಫೋನಿನಲ್ಲಿ ಹಾಡಿದರು. ಆ ಧ್ವನಿ ಸಭಾಂಗಣದ ಸ್ಪೀಕರ್‌ಗಳಲ್ಲಿ ಕೇಳಿದಾಗ ಅಲ್ಲಿದ್ದವರು ಅತ್ತದ್ದನ್ನು ಇಂದಿಗೂ ಹೇಳಿ ಮತ್ತೆ ಅಳುತ್ತಾರೆ. ಅಕ್ಟೋಬರ್ 15ರಂದು ಪೇನ್ ತೀರಿಕೊಂಡರು. ಆ ವರ್ಷದ ಕೊನೆಗೆ ತಂಡ ಹಾಡು ನಿಲ್ಲಿಸಿತು. ಯೂನ್ಸ್ 2005ರಲ್ಲಿ, ಬೆನೆಟ್ 2007ರಲ್ಲಿ ಹೋದರು.

ಇವರೆಲ್ಲ ಹೆಸರು ಮಾಡಿದವರು. ನನ್ನ ಆತಂಕ ಇವರಿಗಿಂತ ಹೆಚ್ಚಾಗಿ ಹೆಸರು ಅಚ್ಚಾಗದವರ ಬಗ್ಗೆ. 1960 ಮತ್ತು 70ರ ದಶಕಗಳಲ್ಲಿ ಸಣ್ಣ ಊರುಗಳ ಎಷ್ಟೋ ಕ್ವಾರ್ಟೆಟ್‌ಗಳು ತಮ್ಮದೇ ಹಣದಲ್ಲಿ ಕೆಲವು ನೂರು ಎಲ್‌ಪಿ ತಟ್ಟೆಗಳನ್ನು ಒತ್ತಿಸಿ, ಕಾರ್ಯಕ್ರಮದ ದಿನ ಮೇಜಿನ ಮೇಲಿಟ್ಟು ಮಾರಿದವು. ರಟ್ಟಿನ ಮೇಲೆ ಒಂದೇ ಬಣ್ಣದ ಕೋಟು ತೊಟ್ಟ ನಾಲ್ವರ ಚಿತ್ರವಿರುತ್ತದೆ. ಪಿಯಾನೊ ನುಡಿಸಿದವರ ಹೆಸರು ಬಹಳ ಸಲ ಇರುವುದಿಲ್ಲ. ಬಾಸ್ ಗಿಟಾರ್, ಡ್ರಮ್, ಸ್ಟೀಲ್ ಗಿಟಾರ್ ನುಡಿಸಿದವರ ಮಾತಂತೂ ದೂರವೇ ಉಳಿಯಿತು. ಹಳೆಯ ತಟ್ಟೆಗಳ ಅಂಗಡಿಯಲ್ಲಿ ಅಂಥ ಎಲ್‌ಪಿ ಕೈಗೆ ಸಿಕ್ಕಾಗಲೆಲ್ಲ ಹಿಂಬದಿ ತಿರುಗಿಸಿ ನೋಡುತ್ತೇನೆ. ಯಾರೋ ನೀಲಿ ಶಾಯಿಯಲ್ಲಿ ಹಸ್ತಾಕ್ಷರ ಹಾಕಿರುತ್ತಾರೆ, ಯಾರೆಂದು ಓದಲಾಗುವುದಿಲ್ಲ. ಅದನ್ನು ಓದಬಲ್ಲವರು ಆ ಊರಿನ ಯಾವುದೋ ವೃದ್ಧಾಶ್ರಮದಲ್ಲಿದ್ದಾರೆ.

ಟೇಪುಗಳ ಸ್ಥಿತಿ ಇನ್ನೂ ಕಷ್ಟ. ಅಭಿಮಾನಿಗಳೇ ರೀಲ್ ಯಂತ್ರ, ಕ್ಯಾಸೆಟ್ ಯಂತ್ರ ಹೊತ್ತು ತಂದು ಮುದ್ರಿಸಿಕೊಂಡ ಕಾರ್ಯಕ್ರಮಗಳು ಮನೆಗಳ ಅಟ್ಟದ ಮೇಲಿವೆ. 1970ರ ದಶಕದ ನಡುವಿನಿಂದ ತಯಾರಾದ ಅನೇಕ ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಕಂದು ಪುಡಿ ಉದುರಿ ಸ್ವರವೇ ಹೊರಟುಹೋಗುತ್ತದೆ. ಕಡಿಮೆ ಉಷ್ಣತೆಯಲ್ಲಿ ಗಂಟೆಗಟ್ಟಲೆ ಬಿಸಿ ಮಾಡಿ, ತೇವ ಆರಿಸಿ, ಆಮೇಲೆ ನುಡಿಸಿ ಡಿಜಿಟಲ್ ಪ್ರತಿ ಮಾಡಬೇಕು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ತಿಳಿದವರ ಕೈಯಲ್ಲಿ ಆಗಬೇಕು. ದಕ್ಷಿಣ ರಾಜ್ಯಗಳ ಬೇಸಿಗೆಯ ಸೆಕೆಯನ್ನು ಬಲ್ಲವರಿಗೆ ಆ ಅಟ್ಟಗಳಲ್ಲಿ ಏನಾಗುತ್ತಿದೆ ಎಂದು ವಿವರಿಸಬೇಕಾಗಿಲ್ಲ.

ಹಳೆಯ ಮುದ್ರಿಕೆಗಳನ್ನು ಜನರಿಗೆ ಕೇಳಿಸಲು ಕಾನೂನು ಅಡ್ಡಬರುತ್ತದೆ ಎಂಬ ಮಾತನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಭಾಗಶಃ ಅದು ನಿಜ. ಅಮೆರಿಕದ 2018ರ ಸಂಗೀತ ಆಧುನೀಕರಣ ಕಾಯ್ದೆಯ ಪ್ರಕಾರ 1923ರಿಂದ 1946ರ ನಡುವೆ ಪ್ರಕಟವಾದ ಮುದ್ರಿಕೆಗಳಿಗೆ 100 ವರ್ಷ, 1947ರಿಂದ 1956ರ ನಡುವಿನವುಗಳಿಗೆ 110 ವರ್ಷ ರಕ್ಷಣೆ. 1957ರಿಂದ 1972ರ ಫೆಬ್ರವರಿ 15ಕ್ಕೆ ಮೊದಲಿನವುಗಳು ಮುಕ್ತವಾಗುವುದು 2067ರಲ್ಲಿ. ಯಾರದೆಂದು ಯಾರಿಗೂ ನೆನಪಿಲ್ಲದ, ಒತ್ತಿಸಿದ ಕಂಪನಿಯೇ ಮುಚ್ಚಿಹೋದ ಎಲ್‌ಪಿಗೂ ಇದೇ ಲೆಕ್ಕ. ಆದರೆ ಅದೇ ಕಾಯ್ದೆಯಲ್ಲಿ ಒಂದು ಬಾಗಿಲೂ ಇದೆ. 1972ಕ್ಕೆ ಹಿಂದಿನ ಮುದ್ರಿಕೆಯೊಂದು ಎಲ್ಲಿಯೂ ವಾಣಿಜ್ಯ ಬಳಕೆಯಲ್ಲಿಲ್ಲವೆಂದು ಪ್ರಾಮಾಣಿಕವಾಗಿ ಹುಡುಕಿ ಖಚಿತಪಡಿಸಿಕೊಂಡು, ಲಾಭದ ಉದ್ದೇಶವಿಲ್ಲದೆ ಬಳಸುತ್ತೇವೆಂದು ಕಾಪಿರೈಟ್ ಕಚೇರಿಗೆ ನೋಟಿಸ್ ಸಲ್ಲಿಸಬಹುದು. ಅದು ಕಚೇರಿಯ ಪಟ್ಟಿಗೆ ಸೇರಿದ 90 ದಿನಗಳೊಳಗೆ ಹಕ್ಕುದಾರರು ಬೇಡವೆನ್ನದಿದ್ದರೆ ಆ ಬಳಕೆಗೆ ಅಡ್ಡಿಯಿಲ್ಲ. ಹಾಡಿನ ರಚನೆಯ ಹಕ್ಕು ಪ್ರತ್ಯೇಕವಾದದ್ದು, ಅದನ್ನು ಬೇರೆಯಾಗಿಯೇ ವಿಚಾರಿಸಬೇಕು. ಇಷ್ಟು ಕಾಗದಪತ್ರದ ಕೆಲಸವನ್ನು ಒಬ್ಬ ಅಭಿಮಾನಿ ಮಾಡಲಾರ. ಸಂಗ್ರಹಾಲಯ ಮಾಡಬಲ್ಲದು, ವಿಶ್ವವಿದ್ಯಾಲಯ ಮಾಡಬಲ್ಲದು. ತಂಡಗಳ ವಾರಸುದಾರರು ಒಂದು ಸಹಿ ಹಾಕಿಕೊಟ್ಟರೆ ಅಷ್ಟೂ ಬೇಕಾಗುವುದಿಲ್ಲ. ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಪ್ರತಿವರ್ಷ 25 ಮುದ್ರಿಕೆಗಳನ್ನು ಆರಿಸುತ್ತಾರೆ. ಯಾರು ಬೇಕಾದರೂ ಹೆಸರು ಸೂಚಿಸಬಹುದು. ವೇದಿಕೆಯ ಮೇಲಿನ ಮುದ್ರಿಕೆಗಳನ್ನು, ವಾದಕರ ಹೆಸರುಗಳ ಸಮೇತ, ಒಟ್ಟಾಗಿ ಸೂಚಿಸೋಣ.

ನೆನಪುಗಳನ್ನು ಸಂಗ್ರಹಿಸುವಾಗ ಸಿಹಿಯಾದದ್ದನ್ನಷ್ಟೇ ಆರಿಸಿಕೊಳ್ಳಬೇಡಿ ಎಂದೂ ಕೇಳುತ್ತೇನೆ. ರಾತ್ರಿಯಿಡೀ ನಡೆಯುತ್ತಿದ್ದ ಆ ಗಾಯನ ಕೂಟಗಳ ಕಾಲ ವರ್ಣಭೇದದ ಕಾಲವೂ ಆಗಿತ್ತು. ಸಭಾಂಗಣದಲ್ಲಿ ಕಪ್ಪು ಜನರಿಗೆ ಜಾಗವಿದ್ದರೆ ಅದು ಪ್ರತ್ಯೇಕ ಮೂಲೆಯಲ್ಲಿ. ಅದೇ ವೇಳೆಗೆ ನ್ಯಾಶ್‌ವಿಲ್‌ನ ಫೇರ್‌ಫೀಲ್ಡ್ ಫೋರ್, ವರ್ಜೀನಿಯಾದ ಗೋಲ್ಡನ್ ಗೇಟ್ ಕ್ವಾರ್ಟೆಟ್, ಸೌತ್ ಕೆರೊಲಿನಾದಲ್ಲಿ ಹುಟ್ಟಿದ ಡಿಕ್ಸಿ ಹಮಿಂಗ್‌ಬರ್ಡ್ಸ್ ತಮ್ಮ ಹಾಡುಗಾರಿಕೆಯಿಂದ ರೇಡಿಯೊ ತುಂಬಿಸುತ್ತಿದ್ದರು. ಬಿಳಿಯ ಕ್ವಾರ್ಟೆಟ್‌ಗಳು ಕಪ್ಪು ಗೀತರಚನಕಾರ ಥಾಮಸ್ ಡಾರ್ಸಿ ಅವರ ಹಾಡುಗಳನ್ನು ಹಾಡಿ ಚಪ್ಪಾಳೆ ಗಿಟ್ಟಿಸಿದವು, ಕಪ್ಪು ತಂಡಗಳ ಲಯವನ್ನು ರೇಡಿಯೊದಲ್ಲಿ ಕೇಳಿ ಕಲಿತವು. ಆದರೆ ವೇದಿಕೆಯನ್ನು ಮಾತ್ರ ಬಹುಕಾಲ ಹಂಚಿಕೊಳ್ಳಲಿಲ್ಲ. ಆ ಸಭಾಂಗಣದ ಹೊರಗೆ ನಿಂತು ಕೇಳಿದವರ ನೆನಪೂ ಈ ಸಂಗೀತದ್ದೇ. ಅದು ಸೇರದಿದ್ದರೆ ನಿಮ್ಮ ಸಂಗ್ರಹ ಅರ್ಧವಾಗುತ್ತದೆ, ಪ್ರೀತಿಯ ಹೆಸರಿನಲ್ಲಿ ಅರ್ಧವಾಗುತ್ತದೆ. ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡಲಾರೆ.

ಮಾಡಲು ಸಾಧ್ಯವೇ ಎಂದು ಕೇಳುವವರಿಗೆ 1991ರ ಫೆಬ್ರವರಿಯನ್ನು ನೆನಪಿಸುತ್ತೇನೆ. ಗಾಸ್ಪೆಲ್ ಗಾಯಕ ಬಿಲ್ ಗೇದರ್ ತಮ್ಮ ತಂಡದ ಒಂದು ಹಾಡಿನ ಮುದ್ರಣಕ್ಕೆಂದು ಹಳೆಯ ಗಾಯಕರನ್ನು ನ್ಯಾಶ್‌ವಿಲ್‌ನ ಸ್ಟುಡಿಯೊಗೆ ಕರೆದರು. ಕೆಲಸ ಮುಗಿದ ಮೇಲೆ ಯಾರೂ ಮನೆಗೆ ಹೊರಡಲಿಲ್ಲ. ಪಿಯಾನೊ ಸುತ್ತ ನಿಂತು ಹಳೆಯ ಹಾಡುಗಳನ್ನು ಹಾಡಿದರು, ಕಥೆ ಹೇಳಿದರು, ಅತ್ತರು. ಹೋವಿ ಲಿಸ್ಟರ್, ಜೇಕ್ ಹೆಸ್, ಈವಾ ಮೇ ಲೆಫೇವರ್, ಜೇಮ್ಸ್ ಬ್ಲ್ಯಾಕ್‌ವುಡ್ ಎಲ್ಲರೂ ಇದ್ದರು. ಕ್ಯಾಮೆರಾ ಓಡುತ್ತಿತ್ತು. ಅದರಿಂದಲೇ ‘ಹೋಮ್‌ಕಮಿಂಗ್’ ವಿಡಿಯೊ ಸರಣಿ ಬಂತು. ಮರೆತುಹೋಗುತ್ತಿದ್ದ ಹಿರಿಯರು ಮತ್ತೆ ಸಾವಿರಾರು ಜನರ ಮುಂದೆ ನಿಂತರು. ಗಾಯಕರಿಗೆ ಅಂದು ಆದದ್ದು ವಾದಕರಿಗೂ ಶ್ರೋತೃಗಳಿಗೂ ಆಗಲಿ.

ಪಕ್ಕವಾದ್ಯದವರಿಗೆ ಇಷ್ಟೊಂದು ಮರ್ಯಾದೆ ಬೇಕೇ ಎಂದು ಕನ್ನಡಿಗರು ಕೇಳಲಾರರು. ಹಾಡುಗಾರರ ಜೊತೆ ನುಡಿಸುವಾಗ ಪಿಟೀಲು ಸಭೆಯ ಕೊನೆಯವರೆಗೂ ಕೇಳಿಸಲೆಂದು ಏಳು ತಂತಿ ಹೂಡಿದ ಟಿ. ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದವರು ನಾವು. ಹೋವಿ ಲಿಸ್ಟರ್, ಆಂಟನಿ ಬರ್ಗರ್ ಅವರಿಗೆ ಕಟ್ಟಡ ಬೇಕೆಂದು ನಾನು ಕೇಳುತ್ತಿಲ್ಲ. ಹೆಸರಿಲ್ಲದ ಎಲ್‌ಪಿಗಳ ಹಿಂಬದಿಗೆ ಹೆಸರು ಬೇಕು. ಸಂಗ್ರಹಾಲಯದ ಪಟ್ಟಿಯಲ್ಲಿ ಪ್ರತಿ ಮುದ್ರಿಕೆಯ ಎದುರು ವಾದಕರಿಗೊಂದು ಅಂಕಣ ಇರಲಿ. ಖಾಲಿ ಇದ್ದರೆ ಖಾಲಿ ಎಂದು ಕಾಣಲಿ, ತಿಳಿದವರು ಬಂದು ತುಂಬಿಸುವಂತಿರಲಿ.

ಕೊನೆಗೆ ದಕ್ಷಿಣ ರಾಜ್ಯಗಳಲ್ಲಿರುವ ಕನ್ನಡಿಗರಲ್ಲಿ ವಿನಂತಿ. ನಿಮ್ಮ ಪಕ್ಕದ ಮನೆಯ ಹಿರಿಯರು, ನಿಮ್ಮೊಂದಿಗೆ ಕೆಲಸ ಮಾಡಿ ನಿವೃತ್ತರಾದವರು, ಮಗುವಿಗೆ ಪಿಯಾನೊ ಕಲಿಸುವ ವೃದ್ಧೆ – ಇವರಲ್ಲಿ ಯಾರಾದರೂ ಈ ಕ್ವಾರ್ಟೆಟ್‌ಗಳನ್ನು ನೋಡಿರುವ ಸಾಧ್ಯತೆ ಬಹಳ. ಒಂದು ಸಂಜೆ ಅವರ ಮನೆಗೆ ಹೋಗಿ ಕೇಳಿ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಊರು, ವರ್ಷ, ಸಭಾಂಗಣ, ತಂಡ, ವಾದಕರ ಹೆಸರು – ನೆನಪಿದ್ದಷ್ಟನ್ನು ಕೇಳಿ ಬರೆದುಕೊಳ್ಳಿ. ಅಟ್ಟದಲ್ಲಿ ಟೇಪು ಇದ್ದರೆ ನುಡಿಸಲು ಹೋಗಬೇಡಿ. ತಂಪಾದ, ತೇವವಿಲ್ಲದ ಕೋಣೆಗೆ ಇಳಿಸಿಡಲು ಹೇಳಿ, ಹತ್ತಿರದ ವಿಶ್ವವಿದ್ಯಾಲಯದ ಸಂಗೀತ ಸಂಗ್ರಹಕ್ಕೆ ತಿಳಿಸಿ. ಮುದ್ರಣದ ಒಂದು ಪ್ರತಿಯನ್ನು ಆ ಕುಟುಂಬಕ್ಕೆ ಕೊಡಲು ಮರೆಯಬೇಡಿ.

ಸಂಗ್ರಹಾಲಯದವರು, ವಿಶ್ವವಿದ್ಯಾಲಯದವರು ಇಂಥ ಮುದ್ರಣಗಳನ್ನು ಸ್ವೀಕರಿಸಲು ಒಬ್ಬರನ್ನು ನೇಮಿಸಿ, ಎಲ್ಲಿಗೆ ಕಳುಹಿಸಬೇಕೆಂದು ಪ್ರಕಟಿಸಬೇಕು. ಮುಂದಿನ ರಾಷ್ಟ್ರೀಯ ಕ್ವಾರ್ಟೆಟ್ ಸಮ್ಮೇಳನದಲ್ಲಿಯೇ ಒಂದು ಕೋಣೆ, ಒಂದು ಮೈಕು, ಕೇಳಲು ತಾಳ್ಮೆಯಿರುವ ಒಬ್ಬರು ಇದ್ದರೆ ಕೆಲಸ ಶುರುವಾಗುತ್ತದೆ. ಬೇಕಾದರೆ ಆ ಕೋಣೆಯಲ್ಲಿ ಕೂರಲು ನಾನು ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಟೆನೆಸಿಯಲ್ಲಿ ನೆಲೆಸಿದ ಒಬ್ಬ ಕನ್ನಡಿಗ ಅಭಿಮಾನಿ